ಕಿತ್ತುಕೊಳ್ಳುವ ಕೈಗಿಂತ ಮೊದಲು ಕೊಟ್ಟ ಕೈ

ತುಮಕೂರಿನಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ರಾತ್ರಿ ಒಂಬತ್ತರ ಊಟವೆಂದರೆ ಕಳೆದ ವರ್ಷದವರೆಗೂ ಜಗಳದ ಹೊತ್ತು. ತಟ್ಟೆ ಹಾಕಿ ಕರೆದರೆ ಹದಿಮೂರು ವರ್ಷದ ಹುಡುಗ ಕೋಣೆಯಿಂದಲೇ ‘ಇದೊಂದು ಮ್ಯಾಚ್ ಮುಗಿಯಲಿ ಅಮ್ಮಾ’ ಎನ್ನುತ್ತಿದ್ದ. ಹತ್ತು ನಿಮಿಷ ಬಿಟ್ಟು ಕರೆದರೂ ಅದೇ ಉತ್ತರ. ಅಷ್ಟರಲ್ಲಿ ಸಾರು ಆರಿರುತ್ತಿತ್ತು, ದಿನವಿಡೀ ದುಡಿದು ಬಂದ ಅಕ್ಕನ ತಾಳ್ಮೆಯೂ ಮುಗಿದಿರುತ್ತಿತ್ತು. ಅವಳು ಹೋಗಿ ಮೊಬೈಲ್ ಕಿತ್ತುಕೊಳ್ಳುತ್ತಿದ್ದಳು. ಹುಡುಗ ಕೂಗಾಡಿ, ತಟ್ಟೆ ತಳ್ಳಿ, ಕೋಣೆಯ ಚಿಲಕ ಹಾಕಿಕೊಳ್ಳುತ್ತಿದ್ದ. ಮರುದಿನ ಸಂಜೆ ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೆ ಹೋಮ್‌ವರ್ಕ್ ಬರುತ್ತಿತ್ತು. ಮೊಬೈಲ್ ಮತ್ತೆ ಅವನ ಕೈ ಸೇರುತ್ತಿತ್ತು. ವಾರಕ್ಕೆ ಮೂರು ಸಲವಾದರೂ ಇದೇ ಕಥೆ.

ಒಂದು ಭಾನುವಾರ ನಾನು ಅವನ ಪಕ್ಕದಲ್ಲಿ ಕುಳಿತು ಪೂರ್ತಿ ಒಂದು ಮ್ಯಾಚ್ ನೋಡಿದೆ. ಅವನು ಆಡುತ್ತಿದ್ದದ್ದು ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ. ನೂರು ಜನ ಒಂದು ದ್ವೀಪಕ್ಕೆ ಇಳಿಯುತ್ತಾರೆ, ಕೊನೆಗೆ ಉಳಿದವರು ಗೆಲ್ಲುತ್ತಾರೆ. ನಾಲ್ಕು ಮಂದಿಯ ತಂಡಕ್ಕೆ ಸ್ಕ್ವಾಡ್ ಎಂದು ಹೆಸರು. ಕೊನೆಯವರೆಗೂ ಬದುಕಿ ಉಳಿದರೆ ಒಂದು ಮ್ಯಾಚ್‌ಗೆ ಅರ್ಧ ಗಂಟೆ ಬೇಕು. ಅದನ್ನು ನಡುವೆ ತಡೆದು ನಿಲ್ಲಿಸುವ ಬಟನ್ ಇಲ್ಲ. ಬಿಟ್ಟು ಹೋದರೆ ರ‍್ಯಾಂಕ್ ಇಳಿಯುತ್ತದೆ, ಉಳಿದ ಮೂವರು ಒಬ್ಬ ಆಟಗಾರನಿಲ್ಲದೆ ಸಿಕ್ಕಿಬೀಳುತ್ತಾರೆ. ಆ ಮೂವರಲ್ಲಿ ಇಬ್ಬರು ಇವನ ತರಗತಿಯವರೇ. ಮರುದಿನ ಅವರ ಮುಖ ನೋಡಬೇಕು.

ಅಲ್ಲಿ ಕುಳಿತಾಗ ನನಗೆ ಹೊಳೆದದ್ದು ಇಷ್ಟು. ಅಕ್ಕನ ಕಣ್ಣಿಗೆ ಅದು ಅವಿಧೇಯತೆ. ಹುಡುಗನಿಗೆ ಅದು ಕಬಡ್ಡಿ ಅಂಕಣದಲ್ಲಿ ರೈಡ್ ನಡೆಯುತ್ತಿರುವಾಗಲೇ ಯಾರೋ ತೋಳು ಹಿಡಿದು ಹೊರಗೆಳೆದಂತೆ. ಅವನ ಲೆಕ್ಕ ಮ್ಯಾಚ್‌ನದು, ಅವಳ ಲೆಕ್ಕ ಗಡಿಯಾರದ್ದು. ‘ಒಂಬತ್ತಕ್ಕೆ ನಿಲ್ಲಿಸು’ ಎಂಬ ಮಾತಿನಲ್ಲೇ ಜಗಳದ ಬೀಜವಿತ್ತು. ‘ಎಂಟೂವರೆಯ ನಂತರ ಹೊಸ ಮ್ಯಾಚ್ ಶುರು ಮಾಡಬೇಡ’ ಎಂದಿದ್ದರೆ ಅರ್ಧ ಕಲಹ ಅಲ್ಲೇ ತೀರುತ್ತಿತ್ತು. ಆದರೆ ಹಾಗೆ ಹೇಳಲು ಆಟದ ಒಳಗು ಗೊತ್ತಿರಬೇಕು. ನಮ್ಮಲ್ಲಿ ಎಷ್ಟು ಮಂದಿ ತಂದೆತಾಯಿಯರು ಮಗುವಿನ ಆಟವನ್ನು ಒಂದು ಸಲವಾದರೂ ಕುಳಿತು ನೋಡಿದ್ದೇವೆ?

ಮಕ್ಕಳ ಗೇಮ್ ಗೀಳಿನ ವಿಷಯ ಬಂದಾಗಲೆಲ್ಲ ನಾವು ಪೋಷಕರ ಹೊಣೆಯನ್ನು ಕಿತ್ತುಕೊಳ್ಳುವ ಗಳಿಗೆಯಲ್ಲಿ ಹುಡುಕುತ್ತೇವೆ. ಬೈದರೆ, ಬೀಗ ಹಾಕಿದರೆ, ವೈಫೈ ಆಫ್ ಮಾಡಿದರೆ ಹೊಣೆ ಹೊತ್ತಂತೆ ಎಂದುಕೊಳ್ಳುತ್ತೇವೆ. ನನ್ನ ಮಟ್ಟಿಗೆ ಆ ಹೊಣೆ ಶುರುವಾಗುವುದು ಬಹಳ ಹಿಂದೆ, ಮೊಬೈಲನ್ನು ಮಗುವಿನ ಕೈಗೆ ಇಟ್ಟ ದಿನ. ಆ ದಿನ ಏನು ಮಾತಾಡಿದೆವು, ಏನನ್ನು ಮಾತಾಡದೆ ಬಿಟ್ಟೆವು ಎಂಬುದೇ ಮುಂದಿನ ಜಗಳಗಳ ಬೇರು.

ಮೊದಲು ‘ಚಟ’ ಎಂಬ ಪದದ ಬಗ್ಗೆ ಸ್ವಲ್ಪ ಸ್ಪಷ್ಟವಾಗಬೇಕು. ಎರಡು ಗಂಟೆ ಆಡುವ ಪ್ರತಿಯೊಬ್ಬ ಹುಡುಗನಿಗೂ ಈ ಪದವನ್ನು ಅಂಟಿಸಿಬಿಡುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ‘ಗೇಮಿಂಗ್ ಡಿಸಾರ್ಡರ್’ ಅನ್ನು ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೇ ಆವೃತ್ತಿಗೆ ಸೇರಿಸಿತು. ಅದಕ್ಕೆ 2019ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿತು, 2022ರ ಜನವರಿಯಿಂದ ಜಾರಿಗೆ ಬಂತು. ಅಲ್ಲಿ ಗಂಟೆಗಳ ಲೆಕ್ಕವೇ ಇಲ್ಲ. ನೋಡುವುದು ಮೂರು ಲಕ್ಷಣಗಳನ್ನು: ಯಾವಾಗ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬ ಹಿಡಿತ ತಪ್ಪಿರುವುದು, ಊಟ, ಓದು, ಗೆಳೆಯರು, ಮನೆ ಎಲ್ಲಕ್ಕಿಂತ ಆಟವೇ ಮುಂದಾಗಿರುವುದು, ಹಾನಿಯಾಗುತ್ತಿದ್ದರೂ ಆಟ ಮುಂದುವರಿಯುವುದು. ಇದರಿಂದ ಬದುಕಿನ ಮುಖ್ಯ ಕೆಲಸಗಳು ಕೆಟ್ಟಿರಬೇಕು, ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಹೀಗೇ ನಡೆದಿರಬೇಕು. ಹೀಗೆ ಹೆಸರಿಟ್ಟರೆ ಆಟವಾಡುವ ಮಕ್ಕಳೆಲ್ಲರಿಗೂ ಕಳಂಕ ಹತ್ತೀತು ಎಂದು ಆಗಲೇ ಹಲವು ಸಂಶೋಧಕರು ಆಕ್ಷೇಪಿಸಿದ್ದರು. ಆ ಆತಂಕದಲ್ಲಿ ಹುರುಳಿತ್ತು.

ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ಒಂದು ಪರಿಶೀಲನೆ ಈ ತೊಂದರೆಯ ಪ್ರಮಾಣವನ್ನು ಸುಮಾರು ಶೇ 3 ಎಂದು ಅಂದಾಜಿಸಿತು. ಹೆಚ್ಚು ಕಟ್ಟುನಿಟ್ಟಾಗಿ ನಡೆದ ಅಧ್ಯಯನಗಳನ್ನಷ್ಟೇ ಹಿಡಿದರೆ ಅದು ಶೇ 2ರ ಆಸುಪಾಸಿಗೆ ಇಳಿಯುತ್ತದೆ. ನೂರರಲ್ಲಿ ಇಬ್ಬರು, ಮೂವರು. ಅದು ಸಣ್ಣ ಸಂಖ್ಯೆಯಲ್ಲ, ಐವತ್ತು ಮಕ್ಕಳಿರುವ ತರಗತಿಗೆ ಒಂದು ಮಗು ಎಂದಾಯಿತು. ಆದರೆ ಉಳಿದ ನಲವತ್ತೊಂಬತ್ತು ಮಕ್ಕಳ ಮನೆಗಳಲ್ಲಿ ನಡೆಯುತ್ತಿರುವ ಕಿತ್ತಾಟ ರೋಗದ್ದಲ್ಲ, ಅಭ್ಯಾಸದ್ದು. ರೋಗಕ್ಕೆ ವೈದ್ಯರು ಬೇಕು. ಅಭ್ಯಾಸಕ್ಕೆ ಮನೆಯವರು ಬೇಕು. ಎರಡನ್ನೂ ಒಂದೇ ಹೆಸರಿನಿಂದ ಕರೆದಾಗ ಆ ಒಂದು ಮಗುವಿಗೆ ಬೈಗುಳ ಸಿಗುತ್ತದೆ, ಉಳಿದವರಿಗೆ ರೋಗಿಯ ಪಟ್ಟ ಸಿಗುತ್ತದೆ.

ಹಾಗೆಂದು ಇದು ಮಗುವಿನ ಮನೋಬಲದ ಪ್ರಶ್ನೆಯಷ್ಟೇ ಎಂದುಕೊಂಡರೆ ತಪ್ಪಾಗುತ್ತದೆ. ಈ ಆಟಗಳನ್ನು ಡೌನ್‌ಲೋಡ್ ಮಾಡಲು ದುಡ್ಡು ಕೊಡಬೇಕಿಲ್ಲ. ಮಕ್ಕಳು ದಿನವೂ ಬರಬೇಕು, ಬಂದವರು ಹೊತ್ತು ಕಳೆಯಬೇಕು, ಹೊತ್ತು ಕಳೆದವರಲ್ಲಿ ಕೆಲವರಾದರೂ ಹಣ ಹಾಕಬೇಕು. ಕಂಪನಿಗಳ ಆದಾಯ ನಿಂತಿರುವುದೇ ಇದರ ಮೇಲೆ. ದಿನಕ್ಕೊಮ್ಮೆ ಲಾಗಿನ್ ಆದರೆ ಬಹುಮಾನ. ಒಂದು ದಿನ ತಪ್ಪಿದರೆ ಸರಣಿ ಮುರಿಯುತ್ತದೆ. ಹಂತ ದಾಟಿದಂತೆ ಬಹುಮಾನ ಕೊಡುವ ಪಾಸ್‌ಗಳೂ ಇವೆ: ಬಿಜಿಎಂಐಯಲ್ಲಿ ರಾಯಲ್ ಪಾಸ್, ಅಂಥದ್ದೇ ಇನ್ನೊಂದು ಆಟವಾದ ಫ್ರೀ ಫೈರ್‌ನಲ್ಲಿ ಬೂಯಾ ಪಾಸ್. ಇವಕ್ಕೆ ಸೀಸನ್ ಇರುತ್ತದೆ, ಸೀಸನ್ ಮುಗಿಯುವುದರೊಳಗೆ ಹಂತ ದಾಟದಿದ್ದರೆ ಆ ಬಟ್ಟೆ, ಆ ಬಂದೂಕಿನ ಸ್ಕಿನ್ (ಹೊರಗಿನ ಬಣ್ಣ, ಅಲಂಕಾರ) ಕೈತಪ್ಪುತ್ತದೆ. ಮಕ್ಕಳ ಮಾತಿನಲ್ಲಿ ‘ಯುಸಿ’, ‘ಡೈಮಂಡ್’ ಎಂದರೆ ಆಟದೊಳಗಿನ ನಾಣ್ಯ. ಹಣವನ್ನು ಮೊದಲು ನಾಣ್ಯವಾಗಿ ಬದಲಿಸಿದ ಮೇಲೆ ಎಷ್ಟು ರೂಪಾಯಿ ಖರ್ಚಾಯಿತೆಂಬ ಅರಿವು ದೊಡ್ಡವರಿಗೂ ಮಸುಕಾಗುತ್ತದೆ, ಇನ್ನು ಮಕ್ಕಳ ಪಾಡೇನು?

ಎಲ್ಲಕ್ಕಿಂತ ಬಲವಾದದ್ದು ಅದೃಷ್ಟದ ಪೆಟ್ಟಿಗೆ, ಅಂದರೆ ಲೂಟ್ ಬಾಕ್ಸ್. ತೆರೆಯುವವರೆಗೂ ಒಳಗೇನಿದೆ ಎಂದು ತಿಳಿಯುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲೇ ಪಾರಿವಾಳ, ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು: ಪ್ರತಿ ಸಲ ಕಾಳು ಸಿಗುವುದಕ್ಕಿಂತ ಯಾವಾಗ ಸಿಗುತ್ತದೋ ಗೊತ್ತಿಲ್ಲದಿದ್ದಾಗಲೇ ಪ್ರಾಣಿ ಬಿಡದೆ ಗುಂಡಿ ಒತ್ತುತ್ತದೆ. ಜಾತ್ರೆಯ ಚಕ್ರದಾಟದವನಿಗೂ ಈ ಗುಟ್ಟು ಗೊತ್ತು. ಆದರೆ ಜಾತ್ರೆ ಮೂರು ದಿನಕ್ಕೆ ಮುಗಿಯುತ್ತಿತ್ತು. ಈ ಚಕ್ರ ಮಗುವಿನ ದಿಂಬಿನ ಕೆಳಗೇ ಇದೆ. ಬೆಲ್ಜಿಯಂ 2018ರಲ್ಲಿ ಹಣ ಕೊಟ್ಟು ತೆರೆಯುವ ಲೂಟ್ ಬಾಕ್ಸ್‌ಗಳನ್ನು ಜೂಜು ಎಂದೇ ಪರಿಗಣಿಸಿತು. ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಕಂಪನಿ 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆಗಿನ ಇತ್ಯರ್ಥದಲ್ಲಿ 52 ಕೋಟಿ ಡಾಲರ್ ತೆರಲು ಒಪ್ಪಿತು. ಅದರಲ್ಲಿ 27.5 ಕೋಟಿ ಡಾಲರ್ ಮಕ್ಕಳ ಖಾಸಗಿತನದ ಕಾನೂನು ಮುರಿದ ಆರೋಪಕ್ಕೆ ದಂಡ, 24.5 ಕೋಟಿ ಡಾಲರ್ ಗ್ರಾಹಕರಿಗೆ ಮರಳಿಸಲು, ಏಕೆಂದರೆ ಬಟನ್‌ಗಳ ಜೋಡಣೆಯೇ ಬೇಡದ ಖರೀದಿಗೆ ತಳ್ಳುವಂತಿತ್ತು ಎಂಬುದು ಆಯೋಗದ ದೂರು. ಅಪರಿಚಿತರೊಂದಿಗೆ ಮಾತಾಡುವ ಧ್ವನಿ ಸೌಲಭ್ಯ ಮಕ್ಕಳ ಖಾತೆಗಳಲ್ಲೂ ಮೊದಲೇ ಚಾಲೂ ಆಗಿರುತ್ತಿತ್ತು ಎಂಬುದೂ ಆ ದೂರಿನಲ್ಲಿತ್ತು.

ಒಂದು ಕಡೆ ಇಷ್ಟೆಲ್ಲ ಲೆಕ್ಕ ಹಾಕಿ ಕಟ್ಟಿದ ವ್ಯವಸ್ಥೆ, ಇನ್ನೊಂದು ಕಡೆ ಏಳನೇ ತರಗತಿಯ ಹುಡುಗ. ಅವನಿಗೆ ‘ನಿನಗೆ ಸ್ವಲ್ಪವೂ ಬುದ್ಧಿಯಿಲ್ಲವೇ’ ಎಂದು ಕೇಳುವುದು ಅನ್ಯಾಯ.

ಈಗ ಮನೆಗೆ ಬರೋಣ. ನಮ್ಮ ಬಹುಪಾಲು ಮಕ್ಕಳ ಕೈಗೆ ಮೊಬೈಲ್ ಬಂದದ್ದು ಆಟಕ್ಕಾಗಿ ಅಲ್ಲ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು, ಜೂನ್ ಹೊತ್ತಿಗೆ ಆನ್‌ಲೈನ್ ತರಗತಿ ಎಂಬ ಮಾತು ಹಳ್ಳಿಹಳ್ಳಿಗೂ ತಲುಪಿತು. ಹಸು ಮಾರಿ, ಚೀಟಿ ಎತ್ತಿ, ಕಂತಿನಲ್ಲಿ ಮೊಬೈಲ್ ಕೊಂಡವರನ್ನು ನಾನೇ ಕಂಡಿದ್ದೇನೆ. ಗ್ರಾಮೀಣ ಭಾರತದ ಶಾಲಾ ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದ್ದ ಪ್ರಮಾಣ 2018ರಲ್ಲಿ ಶೇ 36ರಷ್ಟಿದ್ದದ್ದು 2021ರ ಹೊತ್ತಿಗೆ ಶೇ 67 ದಾಟಿತ್ತು ಎನ್ನುತ್ತವೆ ಹಳ್ಳಿಗಳ ಮಕ್ಕಳ ಶಿಕ್ಷಣದ ಸ್ಥಿತಿಯನ್ನು ಸಮೀಕ್ಷೆ ಮಾಡುವ ‘ಅಸರ್’ ವರದಿಗಳು. 2024ರ ವರದಿ 14ರಿಂದ 16 ವರ್ಷದ ಮಕ್ಕಳನ್ನು ಕೇಳಿತ್ತು. ಶೇ 82ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಅವರಲ್ಲಿ ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇ 57. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76.

ಓದಿಗೆಂದು ಬಂದ ವಸ್ತು. ಆದ್ದರಿಂದ ಅದರ ಜೊತೆ ಯಾವ ಕಟ್ಟುಪಾಡೂ ಬರಲಿಲ್ಲ. ಸೈಕಲ್ ಕೊಡಿಸಿದಾಗ ‘ಹೆದ್ದಾರಿಗೆ ಹೋಗಬೇಡ, ಕತ್ತಲಾಗುವ ಮುಂಚೆ ಬಾ’ ಎಂದು ಹೇಳಿದ್ದೆವು. ಕೆರೆಗೆ ಈಜಲು ಕಳಿಸುವಾಗ ದೊಡ್ಡವರೊಬ್ಬರನ್ನು ಜೊತೆಗೆ ಕಳಿಸಿದ್ದೆವು. ಮೊಬೈಲ್ ಕೊಟ್ಟ ದಿನ ಹೇಳಿದ್ದು ಒಂದೇ ಮಾತು: ‘ಚೆನ್ನಾಗಿ ಓದು.’ ಅದಕ್ಕೂ ಹಿಂದೆ, ಆ ಮಗು ಎರಡು ವರ್ಷದ್ದಾಗಿದ್ದಾಗ ತುತ್ತು ನುಂಗಲೆಂದು ಕಾರ್ಟೂನ್ ಹಾಕಿ ಎದುರಿಗೆ ಇಟ್ಟವರೂ ನಾವೇ. ಒಂದು ವರ್ಷದೊಳಗಿನ ಶಿಶುವಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತ್ತು. ಆ ಮಾತು ನಮ್ಮ ಎಷ್ಟು ಅಡುಗೆಮನೆಗಳನ್ನು ತಲುಪಿತು?

ಹಣದ ವಿಷಯದಲ್ಲಿ ಈ ಮರೆವು ಇನ್ನೂ ದುಬಾರಿ. ಅಂಗಡಿಗೆ ಹಾಲು ತರಲು ಕಳಿಸುವಾಗ ಅಪ್ಪನ ಯುಪಿಐ ಪಿನ್ ಮಗನಿಗೆ ಬಾಯಿಪಾಠವಾಗಿರುತ್ತದೆ. ಅದೇ ಪಿನ್‌ನಿಂದ ಡೈಮಂಡ್ ಕೊಳ್ಳಬಹುದು ಎಂಬುದು ಅಪ್ಪನ ತಲೆಗೆ ಬರುವುದು ಬ್ಯಾಂಕ್ ಖಾತೆಯಲ್ಲಿ ಹಣ ಕರಗಿದ ಮೇಲೆ. ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರ್‌ನಲ್ಲೇ ಪೋಷಕರು ಮತ್ತು ಶಿಕ್ಷಕರಿಗೆ ಒಂದು ಸಲಹಾಪತ್ರ ಹೊರಡಿಸಿ, ಪೋಷಕರ ಒಪ್ಪಿಗೆಯಿಲ್ಲದೆ ಆಟದೊಳಗೆ ಖರೀದಿ ನಡೆಯದಂತೆ ನೋಡಿಕೊಳ್ಳಿ, ಒಟಿಪಿ ಬೇಕಾಗುವ ಪಾವತಿ ಕ್ರಮವನ್ನೇ ಬಳಸಿ ಎಂದಿತ್ತು. ಆ್ಯಪ್ ಸ್ಟೋರ್‌ನ ಸೆಟ್ಟಿಂಗ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಲು ಎರಡು ನಿಮಿಷ ಸಾಕು.

ಇಲ್ಲೊಂದು ಕಾನೂನಿನ ಮಾತು. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಅಪ್ರಾಪ್ತರಿಗೆ ಕರಾರು ಮಾಡಿಕೊಳ್ಳುವ ಅರ್ಹತೆಯೇ ಇಲ್ಲ. ಅಂಥ ಕರಾರು ಮೊದಲಿನಿಂದಲೇ ಅಸಿಂಧು ಎಂದು ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ 1903ರಲ್ಲಿ, ಮೊಹೋರಿ ಬೀಬಿ ಪ್ರಕರಣದಲ್ಲಿ, ತೀರ್ಪು ಕೊಟ್ಟಿತು. ಇಂದಿಗೂ ಕಾನೂನು ವಿದ್ಯಾರ್ಥಿಗಳು ಮೊದಲು ಓದುವ ತೀರ್ಪುಗಳಲ್ಲಿ ಅದೂ ಒಂದು. ಹಾಗಿದ್ದರೆ ಹನ್ನೆರಡರ ಹುಡುಗ ಕೊಂಡ ಸ್ಕಿನ್‌ನ ಹಣ ವಾಪಸು ಬರಬೇಕಲ್ಲವೇ? ತೊಡಕಿರುವುದು ಇಲ್ಲೇ: ಖಾತೆ ಅಪ್ಪನದು, ಪಿನ್ ಅಪ್ಪನದು, ಆಟದಲ್ಲಿ ನಮೂದಿಸಿದ ವಯಸ್ಸೂ ಹಲವು ಸಲ ಅಪ್ಪನದೇ. ಕೊಂಡದ್ದು ಮಗು ಎಂದು ತೋರಿಸುವ ಭಾರ ಮನೆಯವರ ಹೆಗಲಿಗೇ ಬೀಳುತ್ತದೆ. ಆದರೂ ಹಣ ಹೋದದ್ದು ತಿಳಿದ ಕೂಡಲೇ ಆ್ಯಪ್ ಸ್ಟೋರ್‌ಗೆ ಮರುಪಾವತಿ ಕೋರಿಕೆ ಹಾಕುವುದು, ಬ್ಯಾಂಕಿಗೆ ತಿಳಿಸುವುದು ಬಿಡಬಾರದು. ತಡವಾದಷ್ಟೂ ದಾರಿ ಮುಚ್ಚುತ್ತದೆ. ಮಗುವನ್ನು ಹೊಡೆಯುವುದರಲ್ಲಿ ಆ ಸಂಜೆ ಕಳೆದುಹೋಗದಿರಲಿ.

‘ಸರ್ಕಾರ ಆನ್‌ಲೈನ್ ಗೇಮ್ ನಿಷೇಧಿಸಿದೆಯಲ್ಲ’ ಎಂದು ಹಲವರು ನನ್ನೊಂದಿಗೆ ವಾದಿಸಿದ್ದಾರೆ. ಇದು ಅರ್ಧ ಸತ್ಯ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸುತ್ತದೆ. ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಮುಂತಾದವುಗಳನ್ನು ಹಣಕ್ಕಾಗಿ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಇ-ಸ್ಪೋರ್ಟ್ಸ್ (ಸ್ಪರ್ಧೆಯಾಗಿ ಆಡುವ ವಿಡಿಯೊ ಗೇಮ್) ಮತ್ತು ಸಾಮಾಜಿಕ ಆಟಗಳಿಗೆ ಅದೇ ಕಾಯ್ದೆ ಪ್ರೋತ್ಸಾಹ ಕೊಡುತ್ತದೆ. ನಮ್ಮ ಮಕ್ಕಳು ಹಗಲಿರುಳು ಆಡುವ ಬಿಜಿಎಂಐ, ಫ್ರೀ ಫೈರ್‌ನ ಇನ್ನೊಂದು ಆವೃತ್ತಿಯಾದ ಫ್ರೀ ಫೈರ್ ಮ್ಯಾಕ್ಸ್ ನಿಷೇಧದ ಪಟ್ಟಿಯಲ್ಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ, 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ನಿಷೇಧವಾದದ್ದು ನಿಜ. ಆದರೆ ಸರ್ಕಾರ ಕೊಟ್ಟ ಕಾರಣ ದೇಶದ ಭದ್ರತೆ ಮತ್ತು ಬಳಕೆದಾರರ ದತ್ತಾಂಶ, ಮಕ್ಕಳ ನಿದ್ದೆಯಲ್ಲ. ಪಬ್‌ಜಿ ಹೋದ ಹತ್ತು ತಿಂಗಳಿಗೆ ಬಿಜಿಎಂಐ ಹೆಸರಿನಲ್ಲಿ ಮರಳಿತು. 2022ರ ಜುಲೈನಲ್ಲಿ ಅದನ್ನೂ ತೆಗೆದರು, 2023ರ ಮೇ ತಿಂಗಳಲ್ಲಿ ಅದೂ ಮರಳಿತು. ಈ ಸಲ 18 ವರ್ಷದೊಳಗಿನವರಿಗೆ ದಿನಕ್ಕೆ ಮೂರು ಗಂಟೆ, ದೊಡ್ಡವರಿಗೆ ಆರು ಗಂಟೆ ಎಂಬ ಮಿತಿ ಸೇರಿಕೊಂಡಿತ್ತು. ಶಾಲೆಗೆ ಹೋಗುವ ಮಗುವಿಗೆ ದಿನಕ್ಕೆ ಮೂರು ಗಂಟೆ ಎಂಬುದು ಮಿತಿಯೇ ಅಲ್ಲ. ಅದನ್ನು ದಾಟಲೂ ಹುಟ್ಟಿದ ವರ್ಷ ಬದಲಿಸಿದರೆ ಸಾಕು.

ಕಾನೂನಿನಿಂದಲೇ ಇದನ್ನು ನಿಲ್ಲಿಸಲು ಹೊರಟ ದೇಶಗಳಿವೆ. ದಕ್ಷಿಣ ಕೊರಿಯಾ 2011ರಲ್ಲಿ 16 ವರ್ಷದೊಳಗಿನವರಿಗೆ ನಡುರಾತ್ರಿಯಿಂದ ಬೆಳಗಿನ ಆರರವರೆಗೆ ಆನ್‌ಲೈನ್ ಆಟವನ್ನು ಮುಚ್ಚಿತು. ಮಕ್ಕಳು ಅಪ್ಪ ಅಮ್ಮನ ಗುರುತಿನ ಸಂಖ್ಯೆಯಿಂದ ಒಳನುಗ್ಗಿದರು. ಆಟಗಳೇ ಕಂಪ್ಯೂಟರಿನಿಂದ ಮೊಬೈಲಿಗೆ ಜಾರಿದವು, ಕಾನೂನು ಹಿಂದೆ ಉಳಿಯಿತು. ಹತ್ತು ವರ್ಷ ಕಳೆದ ಮೇಲೆ ಅಲ್ಲಿನ ಸರ್ಕಾರ ಅದನ್ನು ಕೈಬಿಟ್ಟಿತು. ಚೀನಾ 2019ರಲ್ಲಿ ಮಿತಿ ಹಾಕಿ, 2021ರ ಸೆಪ್ಟೆಂಬರ್‌ನಿಂದ ಅದನ್ನು ಇನ್ನೂ ಬಿಗಿ ಮಾಡಿತು: ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ಮಾತ್ರ, ರಾತ್ರಿ ಎಂಟರಿಂದ ಒಂಬತ್ತು. 2019ರ ಮಿತಿಯ ಪರಿಣಾಮವನ್ನು 700 ಕೋಟಿ ಗಂಟೆಗಳಿಗೂ ಹೆಚ್ಚಿನ ಆಟದ ದಾಖಲೆಗಳಲ್ಲಿ ಹುಡುಕಿದ ಸಂಶೋಧಕರು 2023ರಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯಲ್ಲಿ ಬರೆದರು: ಅತಿಯಾಗಿ ಆಡುವುದು ಕಡಿಮೆಯಾದದ್ದಕ್ಕೆ ನಂಬಬಹುದಾದ ಪುರಾವೆ ಸಿಗಲಿಲ್ಲ.

ಹಾಗಾದರೆ ಕಾನೂನೇ ಬೇಡವೇ? ಬೇಕು. ಆದರೆ ಅದರ ಮೊನೆ ಮಗುವಿನ ಗಡಿಯಾರದ ಕಡೆಗಲ್ಲ, ಕಂಪನಿಯ ಬಲೆಯ ಕಡೆಗಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಆ ದಿಕ್ಕಿನ ಒಂದು ಹೆಜ್ಜೆಯಿದೆ. 18 ವರ್ಷದೊಳಗಿನವರ ದತ್ತಾಂಶ ಬಳಸಲು ಪೋಷಕರ ದೃಢೀಕೃತ ಒಪ್ಪಿಗೆ ಬೇಕು. ಮಕ್ಕಳ ನಡವಳಿಕೆಯ ಜಾಡು ಹಿಡಿಯುವಂತಿಲ್ಲ, ಅವರನ್ನು ಗುರಿಯಾಗಿಸಿ ಜಾಹೀರಾತು ಹಾಕುವಂತಿಲ್ಲ. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಕಾಲಾವಕಾಶವಿದೆ. ಲೂಟ್ ಬಾಕ್ಸ್ ಬಗ್ಗೆ ಮಾತ್ರ ಆ ಕಾಯ್ದೆಯಲ್ಲಿ ಒಂದಕ್ಷರವೂ ಇಲ್ಲ. ಮಕ್ಕಳ ಖಾತೆಗೆ ಅದೃಷ್ಟದ ಪೆಟ್ಟಿಗೆ ಮಾರಬಾರದು, ಆಟ ತಡೆದು ನಿಲ್ಲಿಸಿದರೆ ದಂಡ ಹಾಕಬಾರದು ಎಂದು ಹೇಳುವ ಧೈರ್ಯ ನಮ್ಮ ಶಾಸಕಾಂಗಗಳಿಗೆ ಬರಬೇಕಿದೆ.

ಇನ್ನೊಂದು ಕೂಗೂ ಕೇಳಿಬರುತ್ತಿದೆ: ಪೋಷಕರಿಗೇ ಶಿಕ್ಷೆ ಕೊಡಿ. ಅಪ್ರಾಪ್ತರ ಕೈಗೆ ಬೈಕ್ ಕೊಟ್ಟರೆ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಡಿ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಇದೆಯಲ್ಲ, ಮೊಬೈಲಿಗೂ ಹಾಗೇ ಆಗಲಿ ಎಂಬ ವಾದ. ನಾನು ಇದನ್ನು ಒಪ್ಪುವುದಿಲ್ಲ. ಬೈಕಿಗೆ ಲೈಸೆನ್ಸ್ ಇದೆ, ವಯಸ್ಸಿನ ಗೆರೆಯಿದೆ. ಮೊಬೈಲನ್ನು ಮಗುವಿಗೆ ಕೊಡಿ ಎಂದು ಹೇಳಿದ್ದು ಶಾಲೆಯೇ. ಪೀಣ್ಯದ ಗಾರ್ಮೆಂಟ್ ಕಾರ್ಖಾನೆಯಿಂದ ರಾತ್ರಿ ಮನೆ ಸೇರುವ ತಾಯಿಯನ್ನು ನೆನೆದುಕೊಳ್ಳಿ. ಶಾಲೆ ಬಿಡುವುದು ನಾಲ್ಕಕ್ಕೆ. ನಡುವಿನ ಆ ಮೂರು ನಾಲ್ಕು ಗಂಟೆ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಮಗು ಏನು ಮಾಡಬೇಕು? ಬೀದಿಯಲ್ಲಿ ವಾಹನಗಳು, ಆಡಲು ಬಯಲಿಲ್ಲ, ಅಜ್ಜಿ ಊರಿನಲ್ಲಿದ್ದಾಳೆ. ಮೊಬೈಲ್ ಇದ್ದರೆ ಮಗು ಮನೆಯೊಳಗೇ ಇರುತ್ತದೆ ಎಂಬ ಸಮಾಧಾನ ಅವಳಿಗೆ. ಅವಳನ್ನು ಹೊಣೆಗೇಡಿ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಈ ನಾಲ್ಕರಿಂದ ಏಳರ ಖಾಲಿ ಹೊತ್ತೇ ನನ್ನ ಕಣ್ಣಿಗೆ ಇಡೀ ಸಮಸ್ಯೆಯ ನಡುಗಂಬ. ಆಟ ಮಗುವಿಗೆ ಮೂರು ವಸ್ತುಗಳನ್ನು ಕೊಡುತ್ತದೆ: ತಾನೇ ಆಯ್ದುಕೊಳ್ಳುವ ಸ್ವಾತಂತ್ರ್ಯ, ದಿನದಿನಕ್ಕೂ ಚುರುಕಾಗುತ್ತಿದ್ದೇನೆ ಎಂಬ ಹೆಮ್ಮೆ, ಜೊತೆಗಾರರು. ಶಾಲೆಯಲ್ಲಿ ಕೊನೆಯ ಬೆಂಚು, ಮನೆಯಲ್ಲಿ ‘ಪಕ್ಕದ ಮನೆಯವನನ್ನು ನೋಡಿ ಕಲಿ’ ಎಂಬ ಮಾತು, ಹೊರಗೆ ಬೀಗ ಹಾಕಿದ ಮೈದಾನ. ಇಷ್ಟರ ನಡುವೆ ಬೆಳೆಯುವ ಹುಡುಗನಿಗೆ ಆ ಮೂರೂ ಒಂದೇ ಕಡೆ ಸಿಗುವುದು ಆ ಪರದೆಯಲ್ಲಿ. ಅದನ್ನು ಕಿತ್ತುಕೊಂಡು ಬದಲಿಗೆ ಏನನ್ನೂ ಇಡದಿದ್ದರೆ ಅವನು ಮರಳಿ ಅಲ್ಲಿಗೇ ಹೋಗುತ್ತಾನೆ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಿಂದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಸಂಜೆ ಆರೂವರೆಯವರೆಗೆ ಆ ಬಾಗಿಲು ತೆರೆದಿದ್ದು, ಒಂದು ಕೇರಂ ಬೋರ್ಡ್, ಒಂದು ಚೆಸ್ ಮಣೆ ಇದ್ದರೆ ಎಷ್ಟೋ ಮನೆಗಳ ಒಂಬತ್ತು ಗಂಟೆಯ ಜಗಳ ಹಗುರಾದೀತು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯವರು 2022ರ ಆಗಸ್ಟ್ 15ರಿಂದ ಸಂಜೆ ಏಳಕ್ಕೆ ಸೈರನ್ ಊದಿಸಿ ಊರಿಗೆ ಊರೇ ಟಿ.ವಿ., ಮೊಬೈಲ್ ಮುಚ್ಚಿಡುವ ಕ್ರಮ ತಂದರು; ಎಂಟೂವರೆಗೆ ಮತ್ತೊಂದು ಸೈರನ್. ಅದರಲ್ಲಿ ನನಗೆ ಮೆಚ್ಚುಗೆಯಾದದ್ದು ಸೈರನ್ ಅಲ್ಲ, ದೊಡ್ಡವರೂ ಮುಚ್ಚಿಟ್ಟದ್ದು.

ಮಗು ಕೇಳಿ ಕಲಿಯುವುದಕ್ಕಿಂತ ನೋಡಿ ಕಲಿಯುವುದು ಹೆಚ್ಚು. ಊಟದ ತಟ್ಟೆಯ ಪಕ್ಕ ಅಪ್ಪ ರೀಲ್ಸ್ ನೋಡುತ್ತಿದ್ದರೆ, ಮಲಗುವ ಮುನ್ನ ಅಮ್ಮನ ಮುಖದ ಮೇಲೆ ನೀಲಿ ಬೆಳಕಿದ್ದರೆ, ‘ಗೇಮ್ ಕೆಟ್ಟದ್ದು’ ಎಂಬ ಉಪದೇಶಕ್ಕೆ ತೂಕ ಎಲ್ಲಿಂದ ಬರಬೇಕು? ಅಕ್ಕನ ಮನೆಯಲ್ಲಿ ಹೊಸ ಕಟ್ಟುಪಾಡು ಬರೆದಾಗ ನಾನು ಮೊದಲು ಹೇಳಿದ್ದು ಇದನ್ನೇ. ರಾತ್ರಿ ಹತ್ತಕ್ಕೆ ಮನೆಯ ಎಲ್ಲ ಮೊಬೈಲ್‌ಗಳೂ ಅಡುಗೆಮನೆಯ ಕಪಾಟಿನಲ್ಲಿ ಚಾರ್ಜ್‌ಗೆ ಹೋಗುತ್ತವೆ, ಭಾವನದೂ ಸೇರಿ. ಮೊದಲ ವಾರ ಹೆಚ್ಚು ಚಡಪಡಿಸಿದ್ದು ಭಾವನೇ. ವಾರದ ದಿನಗಳಲ್ಲಿ ಎರಡು ಮ್ಯಾಚ್, ಭಾನುವಾರ ನಾಲ್ಕು. ಕೊನೆಯ ಮ್ಯಾಚ್ ಎಂಟೂವರೆಯೊಳಗೆ ಶುರುವಾಗಿರಬೇಕು. ಸಂಖ್ಯೆಯನ್ನು ಹುಡುಗನೇ ಹೇಳಿದ, ಅಕ್ಕ ಒಂದನ್ನು ಕಡಿಮೆ ಮಾಡಿದಳು, ಅವನು ಒಪ್ಪಿದ. ನಡುವೆ ಕಿತ್ತುಕೊಳ್ಳುವುದಿಲ್ಲ ಎಂದು ಅವಳೂ ಮಾತು ಕೊಟ್ಟಳು. ಯುಪಿಐ ಪಿನ್ ಬದಲಾಯಿತು. ಅಪರಿಚಿತರೊಂದಿಗೆ ವಾಯ್ಸ್ ಚಾಟ್ ಬಂದ್. ಮೂರು ತಿಂಗಳಲ್ಲಿ ಏಳೆಂಟು ಸಲ ಈ ಒಪ್ಪಂದ ಮುರಿದಿದೆ, ಮತ್ತೆ ಕೂಡಿದೆ. ಎಲ್ಲ ಮನೆಗೂ ಇದೇ ಅಳತೆ ಸರಿಹೊಂದಬೇಕೆಂದಿಲ್ಲ. ಆದರೆ ಮಗುವಿನೊಂದಿಗೆ ಕುಳಿತು ಬರೆದ ನಿಯಮಕ್ಕೂ ಮಗುವಿನ ಮೇಲೆ ಎಸೆದ ನಿಯಮಕ್ಕೂ ಇರುವ ಅಂತರವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇದೆಲ್ಲ ಅಭ್ಯಾಸದ ಮಾತಾಯಿತು. ಐವತ್ತರಲ್ಲಿ ಒಂದು ಎಂದೆನಲ್ಲ, ಆ ಮಗುವಿನ ವಿಷಯ ಬೇರೆ. ರಾತ್ರಿ ನಿದ್ದೆಯಿಲ್ಲದೆ ಆಡುವುದು, ತಿಂಗಳುಗಟ್ಟಲೆ ಶಾಲೆ ತಪ್ಪಿಸುವುದು, ಸ್ನಾನ ಊಟ ಬಿಡುವುದು, ಹಣ ಕದಿಯುವುದು, ಹಿಂದೆ ಇಷ್ಟವಿದ್ದ ಎಲ್ಲದರಿಂದಲೂ ದೂರವಾಗುವುದು ಕಂಡರೆ ಬೈಗುಳದಿಂದ ಪ್ರಯೋಜನವಿಲ್ಲ. ಹಲವು ಸಲ ಆಟದ ಹಿಂದೆ ಬೇರೆಯೇ ನೋವು ಅಡಗಿರುತ್ತದೆ: ಖಿನ್ನತೆ, ಜನರೊಂದಿಗೆ ಬೆರೆಯಲು ಭಯ, ಗಮನ ನಿಲ್ಲದ ಎಡಿಎಚ್‌ಡಿ, ಶಾಲೆಯಲ್ಲಿ ಹೊಡೆತ, ಮನೆಯಲ್ಲಿ ಅಪ್ಪ ಅಮ್ಮನ ದಿನನಿತ್ಯದ ಕದನ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲೇ ‘ಶಟ್’ ಹೆಸರಿನ ಕ್ಲಿನಿಕ್ ಶುರುವಾಗಿದೆ. ತಂತ್ರಜ್ಞಾನದ ಅತಿ ಬಳಕೆಗೆಂದೇ ದೇಶದಲ್ಲಿ ಮೊದಲು ತೆರೆದ ಚಿಕಿತ್ಸಾಲಯವದು. ಈ ತೊಂದರೆಗೆಂದೇ ಮಾತ್ರೆ ಇಲ್ಲ. ಮಾತಿನ ಚಿಕಿತ್ಸೆ, ದಿನಚರಿಯನ್ನು ಮರಳಿ ಕಟ್ಟುವುದು, ಮನೆಯವರನ್ನೂ ಕೂರಿಸಿಕೊಂಡು ಮಾತಾಡುವುದು, ಇವೇ ದಾರಿ. ದೂರದ ಊರಿನವರಿಗೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಈ ಸೇವೆಗೆ ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊಬೈಲ್ ಕಿತ್ತುಕೊಂಡಾಗ ಮಗು ‘ಸತ್ತು ಹೋಗುತ್ತೇನೆ’ ಎಂದರೆ ನಾಟಕ ಎಂದು ತಳ್ಳಿಹಾಕಬೇಡಿ. ಆ ರಾತ್ರಿ ಅದನ್ನು ಒಂಟಿಯಾಗಿ ಬಿಡಬೇಡಿ, ಆ ಸಂಖ್ಯೆಗೆ ಕರೆ ಮಾಡಿ.

ಅಕ್ಕನ ಮಗನ ವಿಷಯದಲ್ಲಿ ಇನ್ನೂ ಬಗೆಹರಿಯದೆ ಉಳಿದಿರುವುದು ಆ ನಾಲ್ಕರಿಂದ ಏಳರ ಹೊತ್ತೇ. ಅವರ ಬಡಾವಣೆಯ ಸರ್ಕಾರಿ ಶಾಲೆಗೆ ಒಳ್ಳೆಯ ಮೈದಾನವಿದೆ, ನಾಲ್ಕೂವರೆಗೆ ಗೇಟಿಗೆ ಬೀಗ ಬೀಳುತ್ತದೆ. ಸಂಜೆ ಆರೂವರೆಯವರೆಗೆ ಅದನ್ನು ತೆರೆದಿಡಬೇಕು, ದಿನಕ್ಕೊಬ್ಬ ಪೋಷಕರು ಸರದಿಯಂತೆ ಅಲ್ಲಿರುತ್ತೇವೆ ಎಂದು ಶಾಲಾಭಿವೃದ್ಧಿ ಸಮಿತಿಗೆ (ಎಸ್‌ಡಿಎಂಸಿ) ಅರ್ಜಿ ಬರೆದಿದ್ದೇವೆ. ‘ಮಾಮ, ವಾಲಿಬಾಲ್ ನೆಟ್ ಕೂಡ ಬೇಕೆಂದು ಬರೆಯಿರಿ’ ಎಂದು ಹುಡುಗ ಹೇಳಿದ, ಬರೆದೆ. ಈವರೆಗೆ ಹನ್ನೊಂದು ಮನೆಯವರು ಸಹಿ ಹಾಕಿದ್ದಾರೆ. ಮುಂದಿನ ಸಭೆ ತಿಂಗಳ ಕೊನೆಯ ಶನಿವಾರ.